ಅಮೆರಿಕಕ್ಕೆ ಹೋದ ಮುಯ್ಯಾಳು

ಬಡವರಿಗೆ ಮನೆ ಕಟ್ಟಿಕೊಡಲು ನಾನು ಅಮೆರಿಕಕ್ಕೆ ಹೋಗಿ ಬಂದವನು. ಈ ಮಾತನ್ನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಕಾಕನ ಟೀ ಅಂಗಡಿಯಲ್ಲಿ ಹೇಳಿದರೆ ಕುಡಿಯುತ್ತಿದ್ದವರು ಮೊದಲು ಗ್ಲಾಸು ಕೆಳಗಿಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ. ತಪ್ಪು ಅವರದಲ್ಲ. ಮೀಸೆ ಬಂದು ಎಷ್ಟೋ ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ದಾಟಿ, ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾದವನ ಮುಖದಲ್ಲಿ ಅಮೆರಿಕ ಕಾಣುವುದಿಲ್ಲ. ‘ಅಮೆರಿಕದೋರ್ಗೂ ಮನೆ ಇಲ್ವೇನ್ಲಾ ಸಿದ್ರಾಜ’ ಎಂದು ಒಬ್ಬ ಕೇಳಿದರೆ, ಇವನು ಹೋಗಿ ಬಂದ ಮೇಲೆ ಇಲ್ಲದಂಗಾಗಿರಬೇಕು ಎಂದು ಇನ್ನೊಬ್ಬ ಉತ್ತರ ಕೊಡುತ್ತಾನೆ. ನಾನು ಸೇವೆ ಮಾಡಲು ಹೋದವನಲ್ಲ, ಮುಯ್ಯಿ ತೀರಿಸಲು ಹೋದವನು ಎಂದರೆ ಇನ್ನೂ ನಗುತ್ತಾರೆ. ಆದರೆ ನಿಜ ಅದೇ.

ನಮ್ಮ ಹಂಗಳದ ಕಡೆ ಇವತ್ತು ನೀವು ನಮ್ಮ ಹೊಲಕ್ಕೆ ಬಂದು ಗೆಯ್ದರೆ, ನಾಳೆ ನಾವು ನಿಮ್ಮ ಹೊಲಕ್ಕೆ ಬಂದು ಗೆಯ್ಯಬೇಕು. ಕೂಲಿ ಇಲ್ಲ, ಬಂದವರಿಗೆ ಊಟ ಹಾಕಿದರಾಯಿತು. ಹೀಗೆ ತಿರುಗಿ ಮಾಡಬೇಕಾದ ಕೆಲಸವೇ ಮುಯ್ಯಿ, ಮಾಡಲು ಹೋಗುವವನು ಮುಯ್ಯಾಳು. ಮುಯ್ಯಿ ತೀರಿಸದವನಿಗೆ ಊರಲ್ಲಿ ಬೆಲೆಯಿಲ್ಲ. ‘ನಿನ್ನ ಮುಯ್ಯಿ ನನಗೆ ಬೇಡ’ ಎಂದು ಅನ್ನಿಸಿಕೊಳ್ಳುವುದಂತೂ ಅದಕ್ಕಿಂತ ಕಡೆ. ಉಡಿಗಾಲದ ನಮ್ಮ ಸೋದರಮಾವನ ಜೊತೆ ಜಗಳವಾದಾಗ ಅವ್ವ ಆಡಿದ ಕೊನೆಯ ಮಾತು ಅದೇ. ಅಲ್ಲಿಂದೀಚೆಗೆ ಎರಡು ಮನೆಯವರೂ ಒಬ್ಬರ ಸಾವಿಗೆ ಇನ್ನೊಬ್ಬರು ಹೋಗಿಲ್ಲ.

ಒಂದು ಮಳೆಗಾಲದಲ್ಲಿ ನಮ್ಮ ಮಣ್ಣಿನ ಗೋಡೆ ಮಲಗಿಬಿಟ್ಟಿತು. ಬಡವರಿಗೆ ಮನೆ ಕಟ್ಟಿಕೊಡುವ ಯಾವುದೋ ಸಂಸ್ಥೆಯವರು ನಮ್ಮ ಬೀದಿಗೆ ಬಂದರು, ಅವರ ಜೊತೆ ಡೇವಿಡ್ ಎಂಬ ಅಮೆರಿಕದವನೂ ಬಂದ. ತನ್ನ ಊರಿನಲ್ಲಿ ಬ್ಯಾಂಕಿನ ಮೇಜಿನ ಮುಂದೆ ಕೂರುವ ಮನುಷ್ಯ, ರಜ ಹಾಕಿ ಸ್ವಂತ ಖರ್ಚಿನಲ್ಲಿ ನಮ್ಮ ಮನೆಗೆ ಇಟ್ಟಿಗೆ ಹೊರಲು ಬಂದಿದ್ದ. ಬಿಸಿಲಿಗೆ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ. ಅವ್ವ ಹಾಕಿದ ರಾಗಿಮುದ್ದೆಯನ್ನು ಮೊದಲ ದಿನ ಅಗಿದೂ ಅಗಿದೂ ಸುಸ್ತಾದ. ಅದನ್ನು ನುಂಗಬೇಕಪ್ಪ ಎಂದು ನಾನು ಹೇಳಿದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ. ಮನೆ ಮುಗಿಯಿತು. ಫೋಟೋ ತೆಗೆಯುವಾಗ ಎಲ್ಲರೂ ನಕ್ಕರು, ಅವ್ವ ಮಾತ್ರ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಡೇವಿಡ್ ಕೈಮುಗಿದು ಹೊರಟುಹೋದ.

ಮಾರನೇ ದಿನದಿಂದ ಅವ್ವನದು ಒಂದೇ ಪ್ರಶ್ನೆ, ಅವನ ಮನೆ ಕೆಲಸ ಯಾವಾಗ ಎಂದು. ಅಮೆರಿಕ ದೂರ ಎಂದೆ. ಚಂದಕವಾಡಿಗಿಂತ ದೂರವೇ ಎಂದು ಕೇಳಿದಳು. ಅವರು ಪುಣ್ಯಕ್ಕೆ ಮಾಡುವವರು, ವಾಪಸ್ಸು ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಆಗ ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

“ಅವ್ನಿಗೆ ಪುಣ್ಯ, ನಂಗೆ ಋಣ. ಮುಯ್ಯಿ ತೀರಿಸ್ದೆ ನಾನು ಮ್ಯಾಕ್ಕೆ ಓಗಕಿಲ್ಲ ಕಣ್ಲಾ. ನಿನ್ ಕೈಲಾಗ್ದಿದ್ರೆ ಹೇಳ್ಬುಡು, ನಾನೇ ಓಯ್ತೀನಿ.”

ಹಿತ್ತಲಿಗೆ ಹೋಗಿ ಬಂದರೆ ಏದುಸಿರು ಬಿಡುವ ಹೆಂಗಸು. ಈ ಕೊರಗಿನಲ್ಲೇ ಕಣ್ಣುಮುಚ್ಚಿಬಿಟ್ಟರೆ ಎಂದು ನನಗೆ ನಿಜವಾಗಿಯೂ ಭಯವಾಯಿತು. ಅಷ್ಟರಲ್ಲಿ ಅದೇ ಸಂಸ್ಥೆಯವರು ನಮ್ಮ ಕಡೆಯಿಂದ ಒಬ್ಬನನ್ನು ಅಮೆರಿಕದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಕರೆಸಿಕೊಳ್ಳುತ್ತೇವೆ ಎಂದರು. ಇಂಗ್ಲಿಷು ಬರುತ್ತದೆ ಎಂಬ ತಪ್ಪು ತಿಳಿವಳಿಕೆಯಿಂದ ನನ್ನನ್ನೇ ಆರಿಸಿದರು. ನಾನು ಇಳಿದುಕೊಳ್ಳುವುದು ಡೇವಿಡ್ ಮನೆಯಲ್ಲೇ ಎಂದು ತಿಳಿದ ದಿನ ಅವ್ವ ಎರಡು ಮುದ್ದೆ ಉಂಡಳು.

ಅಲ್ಲಿಗೆ ಮುಟ್ಟಿದ ಮಾರನೇ ಬೆಳಿಗ್ಗೆ ಪಂಚೆ ಎತ್ತಿಕಟ್ಟಿ, ನಿಮ್ಮ ಮನೆಯಲ್ಲಿ ಏನು ಕೆಲಸವಿದೆ ಎಂದು ಡೇವಿಡ್‌ನನ್ನು ಕೇಳಿದೆ. ಅವನು ನನ್ನ ಹೆಗಲು ತಟ್ಟಿ, ನೀನು ನಮ್ಮ ಅತಿಥಿ, ನನಗೆ ನೀನು ಏನೂ ಮಾಡಬೇಕಾಗಿಲ್ಲ ಎಂದು ನಕ್ಕ. ಅವನ ಲೆಕ್ಕದಲ್ಲಿ ಅದು ಒಳ್ಳೆಯ ಮಾತು. ನನಗೆ ಕಂಡದ್ದು ಅವ್ವನಿಂದ ‘ಬೇಡ’ ಅನ್ನಿಸಿಕೊಂಡ ದಿನದ ಉಡಿಗಾಲದ ಸೋದರಮಾವನ ಮುಖ. ಡೇವಿಡ್ ಬ್ಯಾಂಕಿಗೆ ಹೋದ ಮೇಲೆ, ಕೇಳಿದರೆ ತಾನೇ ಬೇಡ ಅನ್ನುವುದು ಎಂದುಕೊಂಡು ಮನೆ ಮುಂದಿನ ಜಾಗದಲ್ಲಿ ಕಳೆ ಕಿತ್ತೆ. ಹುಟ್ಟಿದಾಗಿನಿಂದ ಕಳೆ ಕಿತ್ತವನು, ಅಚ್ಚುಕಟ್ಟಾಗಿ ಬೇರುಸಮೇತ ಕಿತ್ತೆ. ಸಂಜೆ ಬಂದ ಅವನ ಹೆಂಡತಿ ಅದನ್ನು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವು ಆಕೆ ವಾರಗಟ್ಟಲೆ ಸಾಕಿದ್ದ ಹೂವಿನ ಸಸಿಗಳಂತೆ. ಪರವಾಗಿಲ್ಲ, ಪರವಾಗಿಲ್ಲ ಎಂದು ಇಬ್ಬರೂ ಸೇರಿ ನನ್ನನ್ನು ಸಮಾಧಾನ ಮಾಡಿದರು. ಮುಯ್ಯಿ ಇಳಿಸಲು ಹೋಗಿ ಏರಿಸಿಕೊಂಡಿದ್ದೆ.

ನಾವು ಮನೆ ಕಟ್ಟಬೇಕಾಗಿದ್ದ ಬಡವಳ ಹೆಸರು ಲಿಂಡಾ. ಶಾಲೆಯೊಂದರಲ್ಲಿ ಅಡುಗೆ ಕೆಲಸ, ಗಂಡ ಬಿಟ್ಟುಹೋಗಿದ್ದ, ಇಬ್ಬರು ಮಕ್ಕಳು. ಮೊದಲ ದಿನ ಆಕೆ ಕಾರಿನಲ್ಲಿ ಬಂದು ಇಳಿದಾಗ ನಾನು ಬಡವಳು ಎಲ್ಲಿ ಎಂದು ಕಾರಿನ ಹಿಂದೆ ಹುಡುಕಿದೆ. ಅವರ ಮನೆಯೆಲ್ಲ ಮರದ್ದು, ದೊಡ್ಡದೊಂದು ಬೀರು ಮಾಡಿ ಒಳಗೆ ವಾಸ ಮಾಡಿದ ಹಾಗೆ. ನನ್ನ ಕೈಗೆ ಸುತ್ತಿಗೆ ಕೊಟ್ಟರು. ಮೊದಲ ಏಟು ಮೊಳೆಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ. ಕಟ್ಟು ಹಾಕಿದ ಮೇಲೆ, ಬೇರೆಯವರು ಮೊಳೆ ಹೊಡೆಯುವಾಗ ಹಲಗೆ ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಕೊಟ್ಟರು. ಅಮೆರಿಕದಲ್ಲಿ ನಾನು ಕಟ್ಟಿದ ಮನೆ ಎಂದರೆ ಇಷ್ಟೇ.

ಲಿಂಡಾ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದಳು, ಮಾತು ಕಡಿಮೆ. ಫೋಟೋದವರು ಬಂದಾಗ ಎಲ್ಲರೂ ನಕ್ಕರೆ ಆಕೆ ತಲೆ ಬಗ್ಗಿಸಿ ಟೋಪಿ ಸರಿಮಾಡಿಕೊಂಡಳು. ನನಗೆ ಅವ್ವನ ಸೆರಗು ನೆನಪಾಯಿತು. ಊಟದ ಹೊತ್ತಿನಲ್ಲಿ, ಅಷ್ಟು ದೂರದಿಂದ ಯಾಕೆ ಬಂದೆ ಎಂದು ಕೇಳಿದಳು. ಗೊತ್ತಿದ್ದ ಇಂಗ್ಲಿಷನ್ನೂ ಎರಡು ಕೈಗಳನ್ನೂ ಬಳಸಿ ಮುಯ್ಯಿಯ ಸಂಗತಿ ಹೇಳಿದೆ. ಡೇವಿಡ್‌ಗೆ ಹೊಳೆಯದೇ ಇದ್ದದ್ದು ಈಕೆಗೆ ಅರ್ಧ ಮಾತಿಗೇ ಅರ್ಥವಾಯಿತು. ತಿನ್ನುತ್ತಿದ್ದ ಬ್ರೆಡ್ಡು ಕೆಳಗಿಟ್ಟು, ಹಾಗಾದರೆ ನಾನೀಗ ನಿನ್ನ ಅಮ್ಮನ ಮನೆಯಲ್ಲಿ ಕೆಲಸ ಮಾಡಬೇಕು ಅಲ್ಲವಾ ಎಂದಳು. ಹೌದು ಎಂದುಬಿಟ್ಟೆ. ಆಕೆ ನಗಲಿಲ್ಲ. ಅಲ್ಲಿಗೆ ಬರುವ ಶಕ್ತಿ ತನಗಿಲ್ಲ ಎಂದಳು, ಮಧ್ಯಾಹ್ನವೆಲ್ಲ ಏನೋ ಯೋಚಿಸುತ್ತಿದ್ದಳು.

ನಾನು ಹೊರಡುವ ದಿನ ಬೆಳಿಗ್ಗೆ ಡೇವಿಡ್ ಮನೆ ಮುಂದೆ ಆಕೆಯ ಕಾರು ನಿಂತಿತು. ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು. ಯಾರನ್ನೂ ಕೇಳದೆ, ಬಣ್ಣ ಉದುರಿಹೋಗಿದ್ದ ಅವನ ಬೇಲಿಗೆ ಬಳಿಯತೊಡಗಿದಳು. ಡೇವಿಡ್ ಓಡಿಬಂದು, ಅಯ್ಯೋ ಬೇಡ, ನೀನು ನನಗೆ ಏನೂ ಮಾಡಬೇಕಾಗಿಲ್ಲ ಎಂದು ತನ್ನ ಹಳೆಯ ಮಾತನ್ನೇ ತೆಗೆದ.

“ಇದು ನಿನಗಲ್ಲ. ಇವನ ಅಮ್ಮನ ಬದಲಿಗೆ ಬಂದಿದ್ದೇನೆ” ಎಂದಳು ಲಿಂಡಾ, ಬ್ರಷ್ಷು ನಿಲ್ಲಿಸದೆ.

ಡೇವಿಡ್ ಆಕೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಆಕೆಗೆ ವಿವರಿಸಿದ್ದನ್ನೇ ಅವನಿಗೂ ವಿವರಿಸಿದೆ. ಅವನು ಒಳಗೆ ಹೋಗಿ, ಮೊಟ್ಟೆ, ರೊಟ್ಟಿ, ಕಾಫಿ ಎಲ್ಲ ತಾನೇ ಮಾಡಿ ತಂದು ಬೇಲಿಯ ಪಕ್ಕದಲ್ಲಿಟ್ಟು, ಮೊದಲು ಊಟ ಮಾಡು ಎಂದ. ಹಂಗಳದ ಮುದ್ದೆ ಅವನ ಗಂಟಲಿಗೆ ಇನ್ನೂ ನೆನಪಿತ್ತು ಅಂತ ಕಾಣುತ್ತದೆ. ಆಕೆ ಕೈ ಒರೆಸಿಕೊಂಡು ಉಂಡಳು. ಆಕೆ ನನಗೆ ತೀರಿಸಬೇಕಾದದ್ದೂ ಅವ್ವ ಡೇವಿಡ್‌ಗೆ ತೀರಿಸಬೇಕಾದದ್ದೂ ಆ ಒಂದೇ ಬೇಲಿಯಲ್ಲಿ ತೀರಿತು. ನಾನೂ ಬ್ರಷ್ಷು ಹಿಡಿಯಲು ಹೋದೆ. ಲಿಂಡಾ ನನ್ನ ಹೆಬ್ಬೆರಳು ನೋಡಿ, ನೀನು ಕೂತುಕೋ ಎಂದಳು.

ಊರಿನಲ್ಲಿ ನನಗೆ ಶಾಲು ಹೊದಿಸಿದರು. ಅವ್ವ ಸಮಾರಂಭಕ್ಕೆ ಬರಲಿಲ್ಲ, ಮನೆಯಲ್ಲಿ ಎಲ್ಲವನ್ನೂ ಮೊದಲಿಂದ ಹೇಳಿಸಿಕೊಂಡಳು. ಆ ಎಣ್ಮಗಳು ಮರ್ಯಾದಸ್ತಳು ಕಣ ಎಂದು ಎರಡು ಸಲ ಅಂದಳು. ಇನ್ನು ತಾನು ನೆಮ್ಮದಿಯಾಗಿ ಹೋಗಬಹುದು ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನನ್ನ ಜೀವ ಹಾರಿಹೋಯಿತು. ಒಂದು ಗಳಿಗೆ ಬಿಟ್ಟು ಕಣ್ಣು ತೆರೆದಳು.

“ಅದ್ಸರಿ, ನೀನು ಕಿತ್ತಾಕ್ಬುಟ್ಯಲ್ಲ ಊವಿನ್ ಗಿಡ, ಅದ್ನ ಯಾರ್ಲಾ ತೀರ್ಸದು?”

ಮಾರನೇ ದಿನವೇ ಹಿತ್ತಲಿನ ಚೆಂಡುಹೂವಿನ ಬೀಜ ಬಿಡಿಸಿ, ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಳು, ಅಂಚೆಗೆ ಹಾಕಿ ಬಾ ಎಂದು. ಆ ಗಂಟು ಈಗಲೂ ಕಚೇರಿಯ ನನ್ನ ಮೇಜಿನೊಳಗಿದೆ. ಕಳಿಸಿದೆಯಾ ಎಂದು ಅವ್ವ ದಿನಾ ಕೇಳುತ್ತಾಳೆ, ಇಲ್ಲ ಎಂದರೆ ಕೈಲಾಗದವನು ಎಂದು ಬೈಯುತ್ತಾಳೆ, ಇದೊಂದು ಮುಗಿಯದೆ ತಾನು ಮ್ಯಾಕ್ಕೆ ಹೋಗುವ ಹಾಗಿಲ್ಲ ಎಂದು ಗೊಣಗುತ್ತಾ ರಾಗಿ ಬೀಸಲು ಕೂರುತ್ತಾಳೆ. ಅಂಚೆ ಕಚೇರಿ ಇರುವುದು ನಮ್ಮ ಕಚೇರಿಯ ಎದುರಿಗೇ. ರಸ್ತೆ ದಾಟಿದರೆ ಆಯಿತು. ಆದರೆ ಸೋಮಾರಿ ಎಂದು ನನಗೆ ಊರೆಲ್ಲ ಹೆಸರಿದೆ, ಅದನ್ನು ಕೆಡಿಸಿಕೊಳ್ಳುವ ಆತುರ ನನಗಿಲ್ಲ.