ಮೂರು ಸಲ ಒತ್ತಿದರೆ ನಿಲ್ಲುವ ಕಾರು

ಹಳೇ ಕಾರು ಇಟ್ಟುಕೊಂಡವರಿಗೆ ಮಾತಿಗೆ ಬರ ಬರುವುದಿಲ್ಲ. ಸ್ಟಾರ್ಟ್ ಆದರೆ ಒಂದು ಕಥೆ, ಆಗದಿದ್ದರೆ ಎರಡು. ನನ್ನ ಕಾರು ಸ್ಟಾರ್ಟ್ ಏನೋ ಆಗುತ್ತಿತ್ತು. ನಿಲ್ಲುವುದೇ ಕಷ್ಟವಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಲಸೂರಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದೆ. ಶಾಲೆ ಅಂದರೆ ನಾನು, ಒಂದು ಪುಟ್ಟ ಹಳೇ ಕಾರು, ಅದರ ತಲೆಯ ಮೇಲೊಂದು ಬೋರ್ಡು. ಹನ್ನೆರಡು ವರ್ಷ ಊರವರ ಬ್ಲೌಸ್ ಹೊಲಿದು ಆ ಕಾರು ತಗೊಂಡಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದನ್ನೆಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿ ಕಲಿಸಿತು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ರಿಪೇರಿ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೂವರೆ ವರ್ಷ ಓದಿದೆ. ಗಂಡನ ಮಾತನ್ನೂ ನಾನು ಅಷ್ಟು ಗಮನ ಕೊಟ್ಟು ಕೇಳಿದವಳಲ್ಲ.

೧. ಮೂರು ನಮಸ್ಕಾರ

ಆ ಕಾರಿನ ಬ್ರೇಕ್ ಪೆಡಲನ್ನು ಒಂದು ಸಲ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎರಡನೇ ಸಲಕ್ಕೆ ಕಾರು ಯೋಚನೆ ಮಾಡುತ್ತಿತ್ತು. ಮೂರನೇ ಸಲಕ್ಕೆ ನಿಲ್ಲುತ್ತಿತ್ತು. ಕಲಿಯಲು ಬಂದವರಿಗೆ ಇದು ಕಾರಿನ ದೋಷ ಅಂತ ಹೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಅದಕ್ಕೇ ಬ್ರೇಕ್ ಹಾಕುವುದು ಅಂದರೇನೇ ಮೂರು ಸಲ ಒತ್ತುವುದು ಅಂತ ಕಲಿಸಿಬಿಟ್ಟೆ. "ಒಂದು, ಎರಡು, ಮೂರು" ಅಂತ ನಾನು ಎಣಿಸುತ್ತಿದ್ದೆ, ಅವರು ಒತ್ತುತ್ತಿದ್ದರು.

ಕಾಕ್ಸ್ ಟೌನಿನ ಒಬ್ಬ ಟೀಚರಮ್ಮ ಚೆನ್ನಾಗಿ ಕಲಿತು, ಲೈಸೆನ್ಸ್ ಪರೀಕ್ಷೆಗೆ ತಮ್ಮನ ಹೊಸ ಕಾರು ತಗೊಂಡು ಹೋದರು. ನಿಲ್ಲಿಸಿ ಅಂದ ಕೂಡಲೇ ಶ್ರದ್ಧೆಯಿಂದ ಮೂರು ಸಲ ಒತ್ತಿದರು. ಹೊಸ ಕಾರು ಮೂರು ಸಲವೂ ಗಕ್ಕನೆ ಹಿಡಿಯಿತು. ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ಮೂರು ಸಲ ಮುಂದಕ್ಕೆ ಬಗ್ಗಿ ಎದ್ದರು.

"ಹಲಸೂರಿನ ಮೇಡಂ ಹತ್ರ ಕಲಿತ್ರಾ?"

"ಹೌದು ಸಾರ್. ನಿಮಗೆ ಹೇಗೆ ಗೊತ್ತಾಯ್ತು?"

"ಅವರ ಸ್ಟೂಡೆಂಟ್ಸ್ ಬಂದಾಗೆಲ್ಲ ನಾನು ಡ್ಯಾಷ್‌ಬೋರ್ಡಿಗೆ ಮೂರು ನಮಸ್ಕಾರ ಹಾಕ್ತೀನಲ್ಲಮ್ಮ."

೨. ಹೊಲಿಗೆ ಮಿಷನ್

ಆ ವರ್ಷ ನನ್ನ ಕಾರಿನ ಎಫ್.ಸಿ. ಮುಗಿಯಲು ಬಂದಿತ್ತು. ಕಾರು ಓಡಿಸಲು ಯೋಗ್ಯವಾಗಿದೆ ಅಂತ ಸರ್ಕಾರ ಕೊಡುವ ಕಾಗದ ಅದು. ಅದಿಲ್ಲದೆ ಕಾರು ರಸ್ತೆಗೆ ಇಳಿಯುವಂತಿಲ್ಲ, ಕಾರು ಇಳಿಯದಿದ್ದರೆ ನನ್ನ ಶಾಲೆಯೂ ಇಲ್ಲ. ಪರೀಕ್ಷೆ ಮಾಡಲು ಬಂದವರು ಅದೇ ಇನ್ಸ್‌ಪೆಕ್ಟರು. ಪೆಡಲ್ ಒತ್ತಿದರು. ಅದು ಸೀದಾ ನೆಲ ಮುಟ್ಟಿತು. ಮತ್ತೆ ಒತ್ತಿದರು. ಆಮೇಲೆ ಸುಮ್ಮನೆ ಟಕ ಟಕ ತುಳಿಯುತ್ತಾ ಕೂತರು.

"ಮೇಡಂ, ಇದು ಬ್ರೇಕಾ, ಹೊಲಿಗೆ ಮಿಷನ್ನಾ?"

"ಮಿಷನ್ ಆಗಿದ್ರೆ ಮೊದಲನೇ ತುಳಿತಕ್ಕೇ ಕೆಲಸ ಶುರು ಮಾಡ್ತಿತ್ತು ಸಾರ್," ಅಂದೆ. ಬಾಯಿ ಸುಮ್ಮನಿರಬೇಕಲ್ಲ.

ಅವರು ಹದಿನೈದು ದಿನ ಕೊಟ್ಟರು. "ಒಂದೇ ಸಲ ಒತ್ತಿದ್ರೆ ನಿಲ್ಲಬೇಕು. ಇಲ್ಲಾಂದ್ರೆ ಆ ಬೋರ್ಡ್ ಬಿಚ್ಚಿ ಮತ್ತೆ ಬ್ಲೌಸ್ ಹೊಲೀರಿ."

ಆ ಮಾತು ನನಗೆ ನಾಟಿತು. ಮತ್ತೆ ಬ್ಲೌಸ್ ಅಂತೆ.

೩. ಕಂಕುಳಲ್ಲಿ ಬಿಗಿ

ನನ್ನ ಮೆಕ್ಯಾನಿಕ್ ಶಿವಾಜಿನಗರದ ಒಬ್ಬ ವಯಸ್ಸಾದ ಭಾಯ್. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ, ಹೊಸ ರಬ್ಬರ್ ಹಾಕೋಣ ಅಂದರು. ಮಾಸ್ಟರ್ ಸಿಲಿಂಡರ್ ಅಂದರೆ ನಾವು ಪೆಡಲ್ ಒತ್ತಿದ್ದನ್ನು ಎಣ್ಣೆಯ ಮೂಲಕ ಚಕ್ರಗಳಿಗೆ ಮುಟ್ಟಿಸುವ ಸಾಮಾನು. ಅದಕ್ಕೆ ಆಗಲೇ ಮೂರು ಸಲ ರಬ್ಬರ್ ಹಾಕಿ ಆಗಿತ್ತು. ನಾನು ಪುಸ್ತಕ ತೆರೆದೆ.

"ಭಾಯ್, ನಮ್ಮದರಲ್ಲಿ ಒಂದೇ ಕೋಣೆ. ಒಂದು ಕಡೆ ಎಣ್ಣೆ ಸೋರಿದ್ರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಇದೇ ಕಾರಿನ ಆಮೇಲಿನ ಮಾಡೆಲ್‌ಗೆ ಎರಡು ಕೋಣೆಯ ಸಿಲಿಂಡರ್ ಬಂದಿದೆ. ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ. ಅದನ್ನೇ ಹಾಕಿ."

"ಅರೆ ಅಮ್ಮಾ, ಕಿತಾಬ್ ನೋಡ್ಕೊಂಡು ಗಾಡಿ ಮಾಡಿದ್ರೆ ಗಾಡಿ ಲೈಬ್ರರಿಗೇ ಹೋಗುತ್ತೆ, ರೋಡಿಗೆ ಬರಲ್ಲ."

ನಾನು ಅವರನ್ನು ಎಳೆದುಕೊಂಡೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಬ್ಯಾಗಿನಲ್ಲಿ ಹಳೇ ಅಭ್ಯಾಸದ ಅಳತೆ ಟೇಪು ಇತ್ತು. ಅಂಗಡಿಯವನು ತೋರಿಸಿದ ಮೊದಲನೇ ಸಿಲಿಂಡರಿನ ಬೋಲ್ಟ್ ತೂತುಗಳ ನಡುವಿನ ಅಳತೆ ತೆಗೆದು, "ಇದು ಕಂಕುಳಲ್ಲಿ ಬಿಗಿಯಾಗುತ್ತೆ, ಬೇಡ" ಅಂದೆ. ಎರಡನೆಯದು ಉದ್ದ ಜಾಸ್ತಿ. ಮೂರನೆಯದು ಸರಿಯಾಗಿ ಕೂತಿತು.

ಅಂಗಡಿಯವನು ಸಿಲಿಂಡರನ್ನು ಡಬ್ಬಿಗೆ ಹಾಕಿಕೊಡುತ್ತಾ ಭಾಯ್ ಕಡೆ ತಿರುಗಿದ. "ಚಾಚಾ, ಒಳಗೆ ಲೈನಿಂಗ್ ಬಟ್ಟೆ ಬೇಕಾ ಅಂತ ಕೇಳಿ ಅವರನ್ನ."

೪. ಹಿಡ್ಕೊಳ್ಳಿ

ಹೊಸ ಸಿಲಿಂಡರ್ ಕೂರಿಸಿ, ಹಿಂದಿನ ಚಕ್ರಗಳಿಗೆ ಬೇರೆ ಪೈಪ್ ಎಳೆದದ್ದಾಯಿತು. ಇನ್ನು ಪೈಪುಗಳೊಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಒಂದು ಸಣ್ಣ ತಿರುಪು ಸಡಿಲ ಮಾಡಿ ಗಾಳಿ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮುಂಚೆ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ. ಪುಸ್ತಕದಲ್ಲಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು.

ನಾನು ಪೆಡಲ್ ಮೇಲೆ, ಭಾಯ್ ಕಾರಿನ ಕೆಳಗೆ. "ಒತ್ತಿ." ಒತ್ತಿದೆ. "ಹಿಡ್ಕೊಳ್ಳಿ." ಹಿಡಿದೆ. "ಬಿಡಿ." ಬಿಟ್ಟೆ. ಹೀಗೆ ಮೂರು ಚಕ್ರ ಮುಗಿಯಿತು. ನಾಲ್ಕನೆಯದಕ್ಕೆ "ಹಿಡ್ಕೊಳ್ಳಿ" ಅಂದರು. ಹಿಡಿದೆ. "ಬಿಡಿ" ಬರಲೇ ಇಲ್ಲ.

ಐದು ನಿಮಿಷವಾಯಿತು. ಭಾಯ್ ಅಂತ ಕೂಗಿದೆ, ಉತ್ತರವಿಲ್ಲ. ತಿರುಪು ತುಕ್ಕು ಹಿಡಿದಿರಬೇಕು, ಒದ್ದಾಡುತ್ತಿದ್ದಾರೆ ಅಂದುಕೊಂಡೆ. ಹತ್ತು ನಿಮಿಷಕ್ಕೆ ಮೀನಖಂಡ ನಡುಗತೊಡಗಿತು. ಪಕ್ಕದ ಟೀ ಅಂಗಡಿಯವನು ಬಂದು, "ಇಳೀರಿ ಅಮ್ಮಾ, ಟೀ ಕುಡೀರಿ" ಅಂದ. "ಇಲ್ಲಿಗೇ ಕೊಡು, ಕಾಲು ತೆಗೆಯಂಗಿಲ್ಲ" ಅಂದೆ. ಕೊಟ್ಟ. ಕುಡಿದೆ. ಕಾಲು ಕದಲಿಸಲಿಲ್ಲ.

ಅರ್ಧ ಗಂಟೆಯ ಮೇಲೆ ಭಾಯ್ ಬೀದಿ ಕಡೆಯಿಂದ ನಡೆದು ಬಂದರು. ತಲೆಯ ಮೇಲೆ ಟೋಪಿ, ಮುಖದಲ್ಲಿ ಶಾಂತಿ.

"ಕೆಳಗಡೆ ಇದ್ರಿ ಅಲ್ವಾ ನೀವು?"

"ತಿರುಪು ಟೈಟ್ ಮಾಡಿ ನಮಾಜಿಗೆ ಹೋಗಿದ್ದೆ. ನೀವು ಇನ್ನೂ ಹಿಡ್ಕೊಂಡೇ ಇದೀರಾ?"

"ನೀವು ಬಿಡಿ ಅನ್ನಲಿಲ್ಲ."

ಭಾಯ್ ಬಗ್ಗಿ ಪೆಡಲ್ ನೋಡಿದರು. ಅದು ಇದ್ದಲ್ಲಿಂದ ಒಂದು ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ. ನಾಲ್ಕೂ ಚಕ್ರ ಸುತ್ತಿ ಬಂದರು, ಒಂದು ಹನಿ ಸೋರಿರಲಿಲ್ಲ.

"ಇನ್ನು ಚೆಕ್ ಮಾಡೋದು ಏನೂ ಬೇಡ ಅಮ್ಮಾ," ಅಂದರು. "ನಿಮ್ಮ ಹಠ ತಡ್ಕೊಂಡಿದೆ ಅಂದ್ರೆ ಲಾರಿಗೂ ಹಾಕಬಹುದು ಇದನ್ನ."

೫. ಅತ್ತೆ ಹೇಳಿದ್ದು

ಎಫ್.ಸಿ. ಮುಗಿಯಲು ಇನ್ನೂ ಎರಡು ದಿನವಿತ್ತು. ನನ್ನ ಏಳು ಜನ ಕಲಿಯುವವರನ್ನೂ ಕೂರಿಸಿ ಪಾಠ ಹೇಳಿದೆ: "ಇನ್ನು ಮೂರು ಸಲ ಇಲ್ಲ. ಒಂದೇ ಸಲ, ಮೆತ್ತಗೆ, ಮಲಗಿರೋ ಮಗು ಪಕ್ಕ ಕಾಲಿಡ್ತೀವಲ್ಲ, ಹಂಗೆ." ತಲೆ ಎಲ್ಲರೂ ಆಡಿಸಿದರು. ಕಾಲು ಯಾರದ್ದೂ ಕೇಳಲಿಲ್ಲ.

ಕೆ.ಆರ್. ಪುರದಿಂದ ಬರುತ್ತಿದ್ದ ಒಬ್ಬ ಸೊಸೆಯ ಜೊತೆ ಅವರ ಅತ್ತೆ ದಿನಾ ಕಾವಲಿಗೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಸಿ.ವಿ. ರಾಮನ್ ನಗರದ ಅಗಲ ರಸ್ತೆಯಲ್ಲಿ ಒಂದು ಹಸು ಅಡ್ಡ ಬಂತು. ಸೊಸೆ ಹಳೇ ಬಲದಲ್ಲೇ ಒತ್ತಿದಳು. ಕಾರು ಕಂಬದ ಹಾಗೆ ನಿಂತಿತು. ಅತ್ತೆಯ ಎಲೆಅಡಿಕೆ ಡಬ್ಬಿ ಹಿಂದಿನಿಂದ ಹಾರಿಬಂದು ನನ್ನ ಮಡಿಲಲ್ಲಿ ಬಿತ್ತು.

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಶುರು ಮಾಡಿದರು.

"ನೋಡೇ, ಮೊನ್ನೆವರೆಗೂ ಈ ಕಾರು ನಿನ್ನ ಥರಾನೇ ಇತ್ತು, ಮೂರು ಸಲ ಹೇಳಿದ ಮೇಲೆ ಕೇಳ್ತಿತ್ತು. ಅದು ಸುಧಾರಿಸ್ತು. ನೀನು ಯಾವಾಗ?" ಆಮೇಲೆ ನನ್ನ ಭುಜ ತಟ್ಟಿ ಕೇಳಿದರು: "ಇದನ್ನ ರಿಪೇರಿ ಮಾಡಿದ ಸಾಬರ ಅಂಗಡಿ ಎಲ್ಲಿದೆಯಮ್ಮ?"

೬. ಬಿಳಿ ಗೆರೆ

ಹದಿನೈದನೇ ದಿನ ಇಂದಿರಾನಗರದ ಪರೀಕ್ಷೆಯ ಮೈದಾನಕ್ಕೆ ಹೋದೆ. ಕೆಲಸ ತನ್ನದು ಅಂತ ಭಾಯ್ ಕೂಡ ಬಂದು ಗೇಟಿನ ಹತ್ತಿರ ನಿಂತರು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತರು. ಕಲಿಸುವವರ ಕಾರಾದ್ದರಿಂದ ಆ ಕಡೆಯೂ ಒಂದು ಬ್ರೇಕ್ ಪೆಡಲ್ ಇತ್ತು. ಅವರು ಕಾಲನ್ನು ಅದರಿಂದ ದೂರ ಮಡಚಿಕೊಂಡರು.

"ನಾನು ಮುಟ್ಟಲ್ಲ. ಅಲ್ಲಿ ಬಿಳಿ ಗೆರೆ ಇದೆ. ಅದರ ಮೇಲೆ ನಿಲ್ಲಿಸಿ."

ಗೆರೆ ದಾಟದೆ ನಿಂತರೆ ನನ್ನ ಶಾಲೆ, ದಾಟಿದರೆ ಹೊಲಿಗೆ ಮಿಷನ್. ಸಿಲಿಂಡರಿನ ಮೇಲೆ ನನಗೆ ಅನುಮಾನವಿರಲಿಲ್ಲ. ಏಳು ಜನಕ್ಕೆ ನಾನು ಹೇಳಿದ ಪಾಠವೂ ಬಾಯಿಪಾಠವಾಗಿತ್ತು. ಗೆರೆ ಹತ್ತಿರ ಬಂತು. ವರ್ಷಗಟ್ಟಲೆ ಎಣಿಸಿದ ಬಾಯಿ ತಾನಾಗಿ ಎಣಿಸಿತು.

"ಒಂದು."

ಕಾರು ಗೆರೆಗಿಂತ ಹತ್ತಡಿ ಹಿಂದೆಯೇ ನೆಲ ಕಚ್ಚಿ ನಿಂತಿತು. ಇನ್ಸ್‌ಪೆಕ್ಟರ ಕೈಯ ಫೈಲು ಡ್ಯಾಷ್‌ಬೋರ್ಡಿನ ಮೇಲೆ, ಅದರ ಮೇಲೆ ಅವರ ಕನ್ನಡಕ, ಅದರ ಮೇಲೆ ಅವರು.

"ಎರಡು, ಮೂರು," ಅಂತ ನಿಂತ ಕಾರಿನಲ್ಲಿ ನಾನು ಇನ್ನೂ ಒತ್ತುತ್ತಿದ್ದೆ.

ಅವರು ನಿಧಾನವಾಗಿ ಎದ್ದು ಕೂತು, ಕನ್ನಡಕ ಒರೆಸಿ ಹಾಕಿಕೊಂಡರು. ಕೆಳಗಿಳಿದು, ಬಾನೆಟ್ ಎತ್ತಿಸಿ ಹೊಸ ಸಿಲಿಂಡರ್ ನೋಡಿ, ಕಾಗದಕ್ಕೆ ಸಹಿ ಹಾಕಿದರು. ಅದನ್ನು ನನ್ನ ಕೈಗೆ ಕೊಡದೆ ನೇರ ಗೇಟಿಗೆ ಹೋಗಿ ಭಾಯ್ ಕೈಗೆ ಕೊಟ್ಟರು.

"ಗಾಡಿ ಪಾಸ್. ಓಡಿಸೋರನ್ನ ಯಾವುದಾದ್ರೂ ಒಳ್ಳೆ ಡ್ರೈವಿಂಗ್ ಸ್ಕೂಲಿಗೆ ಸೇರಿಸಿ."

ಭಾಯ್ ಕಾರಿನ ತಲೆಯ ಮೇಲಿನ ಬೋರ್ಡ್ ತೋರಿಸಿದರು. "ಇವರದ್ದೇ ಒಂದಿದೆ ಸಾಬ್. ಅಲ್ಲಿಗೇ ಸೇರಿಸ್ಲಾ?"

"ಅಲ್ಲಿ ಬೇಡ," ಅಂದರು ಇನ್ಸ್‌ಪೆಕ್ಟರು. "ಅಲ್ಲಿ ಮೂರು ಸಲ ಒತ್ತೋದು ಕಲಿಸ್ತಾರೆ."