ಮೇಸ್ತ್ರಿ ಕಟ್ಟಿದ ಪಿಜ್ಜಾ

ಮೂರು ಆಸ್ಪತ್ರೆ, ಒಂದು ನ್ಯಾಯಾಲಯ, ಲೆಕ್ಕವಿಲ್ಲದಷ್ಟು ಮನೆಗಳನ್ನು ಎತ್ತಿ ನಿಲ್ಲಿಸಿದ ಮೇಸ್ತ್ರಿಗೆ ಒಂದು ಪಿಜ್ಜಾ ಯಾವ ಲೆಕ್ಕ! ಭಾನುವಾರ ಬೆಳಿಗ್ಗೆ ಹೆಂಡತಿಯ ಏಪ್ರನ್ನನ್ನು ಸೊಂಟಕ್ಕೆ ಬಿಗಿದು, ಇವತ್ತು ಅಡುಗೆಮನೆ ತನ್ನ ವಶ ಎಂದು ಘೋಷಿಸಿದ. ಹೆಂಡತಿ ಗಾಜಿನ ಬಟ್ಟಲುಗಳನ್ನು ಮೇಲಿನ ಕಪಾಟಿಗೆ ಸೇರಿಸಿದಳು.

ಅವನಿಗೂ ಬೇರೆ ದಾರಿಯಿರಲಿಲ್ಲ. ಮಗಳು ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಶಾಲೆಯಲ್ಲಿ ಅವಳು ನೂರು ಮೀಟರ್ ಓಡುವ ದಿನವೇ ಇವನ ಕಟ್ಟಡದ ಚಾವಣಿಗೆ ಕಾಂಕ್ರೀಟ್ ಸುರಿಯುವುದಿತ್ತು. ಸುರಿಯಲು ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದ ಅಪ್ಪ ಹೋಗಲಿಲ್ಲ. ಅಂದಿನಿಂದ ಆ ಹದಿಮೂರರ ಹುಡುಗಿ ಎದುರಿಗೇ ಕೂತ ಅಪ್ಪನಿಂದ ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳಿಸುತ್ತಿದ್ದಳು. ಅವಳಿಗೆ ಡೀಪ್ ಡಿಶ್ ಪಿಜ್ಜಾ ಎಂದರೆ ಪ್ರಾಣ.

ಮೊಬೈಲಿನಲ್ಲಿದ್ದ ವಿಧಾನ ಓದಿ ಮೇಸ್ತ್ರಿಗೆ ಖುಷಿಯಾಯಿತು. ಇದು ಅಡುಗೆಯಲ್ಲ, ಅಪ್ಪಟ ಕಟ್ಟಡ ಕೆಲಸ! ಆಳವಾದ ತಟ್ಟೆಗೆ ಹಿಟ್ಟಿನ ಬುನಾದಿ ಹಾಕಿದ, ಸುತ್ತಲೂ ಮೂರು ಬೆರಳೆತ್ತರದ ಗೋಡೆ ಎಬ್ಬಿಸಿದ, ರಸಮಟ್ಟ ಇಟ್ಟು ನಾಲ್ಕೂ ದಿಕ್ಕಿನಿಂದ ಮಟ್ಟ ನೋಡಿದ. ಚೀಸ್ ಕೆಳಗೆ, ಟೊಮೆಟೊ ಸಾಸ್ ಮೇಲೆ ಎಂದಿದ್ದಕ್ಕೆ ಮಾತ್ರ ಮೊಬೈಲಿನ ಜೊತೆ ಸ್ವಲ್ಪ ಜಗಳವಾಡಿ ಸೋತ. ಓವನ್ನಿನ ಮುಂದೆ ಸ್ಟೂಲ್ ಹಾಕಿ ಕೂತವನು ಏಳಲಿಲ್ಲ. ಇಂಜಿನಿಯರ್ ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಪಿಜ್ಜಾ ಹೊನ್ನಿನ ಬಣ್ಣದಲ್ಲಿ ಹೊರಬಂತು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕತ್ತರಿಸುವ ಮೊದಲು ಗಟ್ಟಿಯಾಗಲು ಬಿಡಿ ಎಂದು ಮೊಬೈಲಿನಲ್ಲಿ ಬರೆದಿತ್ತು. ಕಟ್ಟಿದ್ದು ಹೇಗೆ ಗಟ್ಟಿಯಾಗುತ್ತದೆಂದು ಮೇಸ್ತ್ರಿಗೆ ಯಾರೂ ಕಲಿಸಬೇಕಿರಲಿಲ್ಲ. ಒಗೆದ ಟವೆಲ್ಲನ್ನು ನೀರಿನಲ್ಲಿ ಅದ್ದಿ ಹೊದಿಸಿದ. ಐದೈದು ನಿಮಿಷಕ್ಕೊಮ್ಮೆ ಲೋಟದಿಂದ ನೀರು ಚಿಮುಕಿಸುತ್ತ ಕಾವಲು ನಿಂತ.

ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. "ರೀ, ಅದೇನದು?"

"ಕ್ಯೂರಿಂಗ್. ನೀರು ಕುಡಿಸದಿದ್ರೆ ಬಿರುಕು ದೊಡ್ಡದಾಗುತ್ತೆ."

"ನಿಮ್ಮ ಚಾವಣಿ ಥರ ಇಪ್ಪತ್ತೊಂದು ದಿನ ಕಾಯ್ಬೇಕಾ, ಇವತ್ತೇ ತಿನ್ನಬಹುದಾ?"

ಮೇಜಿನ ಮೇಲೆ ಟವೆಲ್ ತೆಗೆದಾಗ ಉತ್ತರ ಸಿಕ್ಕಿತು. ನಾಲ್ಕು ಕಡೆಯ ಗೋಡೆಯೂ ಒಟ್ಟಿಗೆ ಕುಸಿದು, ಚೀಸು ಸಾಸುಗಳು ತಟ್ಟೆಯಲ್ಲಿ ಈಜಾಡುತ್ತಿದ್ದವು. ಮೂವತ್ತು ವರ್ಷದಲ್ಲಿ ಮೇಸ್ತ್ರಿ ಕಟ್ಟಿದ್ದು ಒಂದೂ ಬಿದ್ದಿರಲಿಲ್ಲ. ಅವನ ಮುಖ ನೋಡಲಾಗದೆ ಹೆಂಡತಿ ಲೋಟ ಜೋಡಿಸತೊಡಗಿದಳು.

ಮಗಳು ಬಂದು ಕೂತಳು. ತಟ್ಟೆಯನ್ನು ನೋಡಿದಳು. ಚಾಕು ಬದಿಗಿಟ್ಟು ಚಮಚ ಎತ್ತಿಕೊಂಡು ಒಂದು ತುತ್ತು ತಿಂದಳು. ಆಮೇಲೆ, ನೇರವಾಗಿ ಅವನನ್ನೇ ಕೇಳಿದಳು.

"ಎಷ್ಟು ಹೊತ್ತು ಹಿಡೀತಪ್ಪಾ ಇದಕ್ಕೆ?"

ಅಪ್ಪಾ ಎಂದಳು! ಮೇಸ್ತ್ರಿಯ ಕಣ್ಣು ತುಂಬಿ ಬಂತು. ಬೆಳಿಗ್ಗೆಯಿಂದ ನಾಲ್ಕು ಗಂಟೆ, ಒಂದು ಹೆಜ್ಜೆ ಆಚೀಚೆ ಹೋಗಿಲ್ಲ, ಇಂಜಿನಿಯರ್ ಫೋನನ್ನೂ ಎತ್ತಿಲ್ಲ ಎಂದು ಎದೆಯುಬ್ಬಿಸಿ ಒಪ್ಪಿಸಿದ.

ಮಗಳು ಇನ್ನೊಂದು ಚಮಚ ಬಡಿಸಿಕೊಂಡಳು.

"ನನ್ನ ಓಟ ಹದಿನಾಲ್ಕು ಸೆಕೆಂಡ್ ಅಷ್ಟೇ ಇತ್ತು, ಅಪ್ಪಾ."