ಎಡಗೆನ್ನೆಯ ಗಣಪತಿ

೨೦೨೧ರ ನವೆಂಬರ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಆರೂ ಇಪ್ಪತ್ತು. ಭದ್ರಾವತಿಯ ಓಲ್ಡ್ ಟೌನಿನ ಕಾಂತರಾಜ್ ವಾಕಿಂಗಿಗೆಂದು ಹೊಳೆದಡಕ್ಕೆ ಬಂದವರು, ಒಂದು ಪೊದೆಯ ಮೇಲೆ ತಮ್ಮದೇ ಹೆಸರು ನೇತಾಡುತ್ತಿರುವುದನ್ನು ಕಂಡರು.

ಮಗಳು ಇಂಪನಾಳ ಮದುವೆಯಲ್ಲಿ ತಾಂಬೂಲದ ಜೊತೆ ಹಂಚಲು ಅವರು ಮಾಸ್ಕು ಅಚ್ಚು ಹಾಕಿಸಿದ್ದರು. ಲಗ್ನಪತ್ರಿಕೆಯ ಕಳೆ ಬರಲೆಂದು ಎಡಗೆನ್ನೆಗೆ ಗಣಪತಿ, ಬಲಗೆನ್ನೆಗೆ ‘ಕಾಂತರಾಜ್ ಕುಟುಂಬದ ವಂದನೆಗಳು’. ಬೀಗರಿಗೂ ಒಂದು ಚೀಲ ಕೊಟ್ಟಿದ್ದರು. ಈಗ ನೋಡಿದರೆ ಪೊದೆಗೊಂದು, ಕಲ್ಲಿಗೊಂದು ವಂದನೆ. ನೀರು ಕುಡಿಯುತ್ತಿದ್ದ ಎಮ್ಮೆಯ ಕೊಂಬಿಗೂ ಒಂದು.

ಒಂಬತ್ತಕ್ಕೆ ಇದೇ ದಡದಲ್ಲಿ ಹೊಳೆ ಸ್ವಚ್ಛತೆ ಕಾರ್ಯಕ್ರಮ. ಉದ್ಘಾಟನೆಗೆ ಶಿವಮೊಗ್ಗದ ಆಲ್ಕೊಳದಿಂದ ಬರುವವರು ಬೀಗರಾದ ಶಂಕರನಾರಾಯಣ. ನಿವೃತ್ತ ವಿಜ್ಞಾನ ಮೇಷ್ಟ್ರು. ಮದುವೆಯಲ್ಲಿ ಪ್ಲಾಸ್ಟಿಕ್ ಲೋಟ ಕಂಡು ಪಂಕ್ತಿಯಿಂದಲೇ ಎದ್ದಿದ್ದ ಮನುಷ್ಯ. ಇದನ್ನು ಕಂಡರೆ ಇಂಪನಾ ಆ ಮನೆಯಲ್ಲಿ ಬಾಳುವಷ್ಟು ದಿನವೂ ಪರಿಸರ ಪಾಠ ಕೇಳಬೇಕು.

ಕಾಂತರಾಜ್ ಹೆಕ್ಕತೊಡಗಿದರು. ಚೀಲ ತಂದಿರಲಿಲ್ಲ. ಜೇಬು ತುಂಬಿತು, ಬನಿಯನ್ ತುಂಬಿತು, ಹೊಟ್ಟೆ ಹೊಸ ಹತ್ತಿ ತುಂಬಿದ ದಿಂಬಿನಂತಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಸೀತಾಲಕ್ಷ್ಮಿ ಪೊರಕೆ ಹಿಡಿದು ಬಂದರು.

“ಏನ್ ಕಾಂತರಾಜಣ್ಣ, ನಿನ್ನೆ ಚಪ್ಪಟೆ ಇದ್ರಿ?”

“ಗ್ಯಾಸು, ಸೀತಕ್ಕ.”

ಆಕೆ ಜೀರಿಗೆ ನೀರಿನ ವಿಧಾನವನ್ನು ಇಡೀ ದಡಕ್ಕೆ ಕೇಳುವಂತೆ ಹೇಳಿದರು. ಅದೇ ಹೊತ್ತಿಗೆ ಕಾಂತರಾಜ್ ಸೀನಿದರು. ಕಾಲರಿನಿಂದ ಗಣಪತಿ ಇಣುಕಿದ.

“ಅಯ್ಯೋ, ಇದು ನಾವೇ ಬಿಟ್ಟಿದ್ದಲ್ವಾ ಮಾರಾಯ್ರೆ. ದೇವ್ರಿರೋದನ್ನ ಕಸಕ್ಕೆ ಹಾಕಕ್ಕಾಗುತ್ತಾ? ಅರಿಶಿನ ಕುಂಕುಮ ಇಟ್ಟು ಹೊಳೆಗೆ ಬಿಟ್ವಿ. ಇಡೀ ಬೀದಿಯವ್ರೂ ಹಂಗೇ ಮಾಡಿದ್ದು.”

ಆಕೆ ಒಂದು ಗೋಣಿಚೀಲವನ್ನೂ ಕೊಟ್ಟರು. ತುಂಬಿದ ಚೀಲವನ್ನು ಕಾಂತರಾಜ್ ಕಸದ ಗಾಡಿಗೆ ಎತ್ತಿಟ್ಟರು. ಡ್ರೈವರ್ ಸಿದ್ದು ಒಳಗೆ ಇಣುಕಿ, ಚಪ್ಪಲಿ ಬಿಟ್ಟು, ಕೈಮುಗಿದು, ಚೀಲವನ್ನು ಮೆಲ್ಲನೆ ಕೆಳಗಿಳಿಸಿದ. “ಗಾಡೀಲಿ ಮೀನಿನ ತಲೆ ಐತೆ ಸಾರ್. ನಂಗೆ ಹೆಂಡ್ತಿ ಮಕ್ಳು ಅವ್ರೆ.”

ಗುಜರಿ ಅಂಗಡಿಯ ಖಾಜಾ ಪೀರ್ ಕೂಡ ತಲೆ ಆಡಿಸಿದರು. “ನಿಮ್ಮೋರೇ ಮುಟ್ಟಲ್ಲ ಅಂದ್ರೆ ನಾನು ಮುಟ್ಲಾ ಸಾಬ್? ಬೇಕಾದ್ರೆ ತೂಕ ಹಾಕಿ ಕೊಡ್ತೀನಿ.”

ಚೀಲ ಹೊತ್ತು ದಡಕ್ಕೆ ಮರಳುವಷ್ಟರಲ್ಲಿ ಬೀಗರ ಕಾರು ಬಂತು. ಕಾಂತರಾಜ್ ಗೋಣಿಚೀಲದ ಮೇಲೆಯೇ ಕುಳಿತುಬಿಟ್ಟರು. ಶಂಕರನಾರಾಯಣ ನೇರ ಅವರ ಬಳಿಗೇ ಬಂದು, ಕೈಹಿಡಿದೆಬ್ಬಿಸಿ, ಕಾರಿನ ಹಿಂದಕ್ಕೆ ಕರೆದೊಯ್ದರು. ಕಾಂತರಾಜ್ ಮನಸ್ಸಿನಲ್ಲೇ ಮಗಳ ಕ್ಷಮೆ ಕೇಳಿಕೊಂಡರು.

ಬೀಗರು ಸುತ್ತ ನೋಡಿ ಡಿಕ್ಕಿ ತೆರೆದರು. ಒಳಗೆ ಒಂದು ಚೀಲ, ಚೀಲದ ತುಂಬ ಗಣಪತಿ.

“ಹಂಚಿ ಉಳಿದಿದ್ದು, ಬೀಗರೇ. ದೇವ್ರ ಚಿತ್ರ, ಕಸಕ್ಕೆ ಹಾಕಕ್ಕೆ ಮನಸ್ಸು ಬರಲ್ಲ. ತುಂಗೆಗೆ ಬಿಡೋಣ ಅಂದ್ರೆ ಶಿವಮೊಗ್ಗದಲ್ಲಿ ಎಲ್ಲಿ ನೋಡಿದ್ರೂ ನನ್ನ ಶಿಷ್ಯರು. ನಾನಿಲ್ಲಿ ಭಾಷಣ ಮಾಡ್ತಿರ್ತೀನಿ, ಎಲ್ರೂ ಈ ಕಡೆ ನೋಡ್ತಿರ್ತಾರೆ. ನೀವು ಮೆಲ್ಲಗೆ ಭದ್ರೆಗೆ...”

ನೀರಿಗೆ ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಬೀಗರು ಭಾಷಣದಲ್ಲಿ ಸೊಗಸಾಗಿ ವಿವರಿಸಿದರು. ಎಲ್ಲರಿಗಿಂತ ಜೋರಾಗಿ ಸೀತಾಲಕ್ಷ್ಮಿ ಚಪ್ಪಾಳೆ ತಟ್ಟಿದರು. ಬೀಗರ ಮಾತಿಗೆ ಇಲ್ಲವೆನ್ನಲಾಗದೆ, ಹೊಳೆಗೂ ಬಿಡಲಾಗದೆ, ಕಾಂತರಾಜ್ ಎರಡೂ ಚೀಲಗಳನ್ನು ಮನೆಗೆ ಹೊತ್ತರು. ದೇವರ ಕೋಣೆಗೆ ಎಂಜಲು ಮಾಸ್ಕು ಬೇಡ, ಬಚ್ಚಲ ಪಕ್ಕ ದೇವರು ಬೇಡ ಎಂದು ಹೆಂಡತಿ ಶೀಲಾ ಅವನ್ನು ಗಂಡನ ಮಂಚದ ಮೇಲಿಡಿಸಿ, ಗಂಡನಿಗೆ ಜಗುಲಿಯಲ್ಲಿ ಚಾಪೆ ಹಾಸಿಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಖಾಜಾ ಪೀರರ ತಕ್ಕಡಿಗೆ ಇಟ್ಟಾಗ ಎರಡೂ ಚೀಲ ಸೇರಿ ಹದಿನಾಲ್ಕು ಕಿಲೋ ಮುನ್ನೂರು ಗ್ರಾಂ ಬಂದಿತ್ತು.